ಹಾರ್ಸ್‌ಪವರ್ ಆಮೇಲೆ, ಮೊದಲು ಬ್ರೇಕ್ ಆಯಿಲ್!

"ಟ್ರ್ಯಾಕಿಗೆ ಹೋಗ್ತೀಯಂತೆ? ಕಾರಿಗೆ ಏನೇನು ಮಾಡಿಸಿದೀಯ? ಎಷ್ಟು ಹಾರ್ಸ್‌ಪವರ್ ಬಂತು?"

ಕಾರಿನ ಹುಚ್ಚು ಇರೋರು ಯಾರೇ ಸಿಕ್ಕಿದ್ರೂ ಮೊದಲು ಕೇಳೋದು ಇದೇ. "ಬ್ರೇಕ್ ಆಯಿಲ್ ಬದಲಾಯಿಸಿದೆ, ಬೇರೆ ಪ್ಯಾಡ್ ಹಾಕಿದೆ" ಅಂದ್ರೆ ಎದುರಿಗಿರೋರ ಮುಖ ಸಪ್ಪಗಾಗುತ್ತೆ. ಮದುವೆ ಊಟಕ್ಕೆ ಕರೆದು ಬರೀ ತಿಳಿಸಾರು ಅನ್ನ ಬಡಿಸಿದ ಹಾಗೆ :-)

ಆದ್ರೆ ನನ್ನ ಮಟ್ಟಿಗೆ ಉತ್ತರ ಅದೇ. ರಸ್ತೆ ಮೇಲೆ ಓಡಾಡೋ ಒಂದು ಸ್ಪೋರ್ಟ್ಸ್ ಕಾರನ್ನ ಟ್ರ್ಯಾಕ್ ಡೇಗೆ ಸಿದ್ಧ ಮಾಡೋದು ಅಂದ್ರೆ ಅದರ ವೇಗ ಹೆಚ್ಚಿಸೋದಲ್ಲ. ಅದು ದಣಿಯದ ಹಾಗೆ ಮಾಡೋದು. ಮೊದಲನೇ ಸುತ್ತಿನಲ್ಲಿ ಹೇಗೆ ನಡ್ಕೊಳ್ತೋ ಹತ್ತನೇ ಸುತ್ತಿನಲ್ಲೂ ಹಾಗೇ ನಡ್ಕೋಬೇಕು, ಸಂಜೆ ಅದೇ ಕಾರಲ್ಲಿ ಮನೆಗೆ ವಾಪಸ್ ಬರೋ ಹಾಗಿರಬೇಕು. ಈ ಮಾತು ಕೇಳೋಕೆ ಸಪ್ಪೆ ಅನ್ನಿಸಬಹುದು. ಆದ್ರೆ ಇದನ್ನ ತಲೆಕೆಳಗು ಮಾಡ್ಕೊಂಡು ದುಡ್ಡು ಸುರಿಯೋರನ್ನ ನೋಡಿ ನೋಡಿ ಸಾಕಾಗಿ ಇದನ್ನ ಬರೀತಾ ಇದೀನಿ.

ಟ್ರ್ಯಾಕ್ ಡೇ ಅಂದ್ರೆ ಏನು ಅಂತ ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಇದು ರೇಸ್ ಅಲ್ಲ. ರೇಸ್ ನಡೆಯೋ ಟ್ರ್ಯಾಕನ್ನ ಒಂದು ದಿನಕ್ಕೆ ಬಾಡಿಗೆ ಹಿಡಿದು, ದುಡ್ಡು ಕೊಟ್ಟೋರಿಗೆಲ್ಲಾ ಅವರವರ ಕಾರು ಓಡಿಸೋಕೆ ಬಿಡ್ತಾರೆ. ಅನುಭವ ನೋಡಿ ಗುಂಪು ಮಾಡ್ತಾರೆ. ಒಂದೊಂದು ಗುಂಪಿಗೂ ಇಪ್ಪತ್ತು ನಿಮಿಷದ ಆಸುಪಾಸಿನ ಸರದಿ, ದಿನಕ್ಕೆ ನಾಲ್ಕೈದು ಸಲ. ಹೊಸಬರ ಪಕ್ಕದಲ್ಲಿ ಹೇಳಿಕೊಡೋರು ಒಬ್ರು ಕೂತಿರ್ತಾರೆ. ಓವರ್‌ಟೇಕ್ ಮಾಡೋಕೆ ಜಾಗ ಗೊತ್ತು ಮಾಡಿರ್ತಾರೆ. ಹೊಸಬರ ಗುಂಪಿನಲ್ಲಂತೂ ಮುಂದಿನವನು ಕೈ ತೋರಿಸಿ ದಾರಿ ಬಿಟ್ಟರೆ ಮಾತ್ರ ಹೋಗ್ಬೇಕು. ಕಪ್ಪು ಇಲ್ಲ, ಬಹುಮಾನ ಇಲ್ಲ. ಎಷ್ಟನೇ ಜಾಗ ಬಂತು ಅಂತ ಕೇಳೋರೂ ಇಲ್ಲ.

ಹಾಗಿದ್ದ ಮೇಲೆ ವೇಗದ ಹಿಂದೆ ಯಾಕೆ ಬೀಳೋದು ಸ್ವಾಮಿ?

ಮಾತಾಡೋಕೆ ಒಂದು ಉದಾಹರಣೆ ಬೇಕಲ್ಲ, ಮಜ್ದಾ ಎಂಎಕ್ಸ್-5 ತಗೊಳ್ಳೋಣ. ನಾನಿರೋ ಕ್ಯಾಲಿಫೋರ್ನಿಯಾದಲ್ಲಿ ಇದನ್ನ ಎಲ್ರೂ ಕರೆಯೋದು ಮಿಯಾಟಾ ಅಂತ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ತೋರಿಸಿದ ಕಾರು. ಎರಡೇ ಸೀಟು, ತೆಗೆದು ಮಡಚೋ ಟಾಪು, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ಮೊದಲ ಕಾರಿನಲ್ಲಿದ್ದದ್ದು 1.6 ಲೀಟರ್ ಎಂಜಿನ್, ಅಮೆರಿಕದಲ್ಲಿ 116 ಹಾರ್ಸ್‌ಪವರ್. ತೂಕ ಒಂದು ಟನ್ನಿಗೂ ಸ್ವಲ್ಪ ಕಡಿಮೆ. ಈಗಿನದು ನಾಲ್ಕನೇ ಪೀಳಿಗೆ. 2019ರ ಮಾಡೆಲ್‌ನಿಂದ ಅಮೆರಿಕದಲ್ಲಿ 2 ಲೀಟರ್ ಎಂಜಿನ್, 181 ಹಾರ್ಸ್‌ಪವರ್, ತೂಕ ಈಗಲೂ 1,100 ಕೆಜಿ ದಾಟಿಲ್ಲ. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯ್ತು. ಇಲ್ಲಿಯ ಯಾವ ಟ್ರ್ಯಾಕ್ ಡೇಗೆ ಹೋದ್ರೂ ಒಂದಾದ್ರೂ ಮಿಯಾಟಾ ಇದ್ದೇ ಇರುತ್ತೆ. ಕಾರಣ ಅದರ ಶಕ್ತಿ ಅಲ್ಲ, ಅದರ ತೂಕ. ಹಗುರ ಇದ್ದಷ್ಟೂ ದಣಿವು ಕಡಿಮೆ.

ಇನ್ನು ಈ ದಣಿವು ಅಂದ್ರೆ ಏನು? ಒಂದೇ ಪದದಲ್ಲಿ ಹೇಳ್ಬೇಕು ಅಂದ್ರೆ ಬಿಸಿ.

ಒಂದು ಸಣ್ಣ ಲೆಕ್ಕ ಹಾಕೋಣ. ಪಿಯುಸಿ ಭೌತಶಾಸ್ತ್ರ ಸಾಕು, ಹೆದರ್ಬೇಡಿ. ಕಾರು, ಡ್ರೈವರ್, ಪೆಟ್ರೋಲ್ ಎಲ್ಲಾ ಸೇರಿ 1,200 ಕೆಜಿ ಅಂದ್ಕೊಳ್ಳಿ. ಉದ್ದದ ನೇರ ದಾರಿಯ ಕೊನೆಯಲ್ಲಿ ಗಂಟೆಗೆ 160 ಕಿಮೀ ವೇಗ. ಮುಂದಿನ ತಿರುವಿಗೆ 70ಕ್ಕೆ ಇಳಿಸ್ಬೇಕು. ಅರ್ಧ ಎಂ ವಿ ಸ್ಕ್ವೇರ್ ಹಾಕಿ ಕಳೆದರೆ ಸುಮಾರು 9.6 ಲಕ್ಷ ಜೂಲ್. ಮೂರು ಲೀಟರ್ ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರೋಕೆ ಸಾಕಾಗೋಷ್ಟು ಬಿಸಿ ಇದು. ಬಚ್ಚಲುಮನೆಯ 3 ಕಿಲೋವ್ಯಾಟ್ ಗೀಸರ್‌ಗೆ ಇಷ್ಟು ಬಿಸಿ ಕೊಡೋಕೆ ಐದು ನಿಮಿಷಕ್ಕಿಂತ ಜಾಸ್ತಿ ಬೇಕು. ನಿಮ್ಮ ಬ್ರೇಕು ಅದನ್ನ ಮೂರು ಸೆಕೆಂಡಿನಲ್ಲಿ ಹೀರ್ಕೋಬೇಕು. ಅದೂ ಒಂದು ಸಲಕ್ಕೆ! ಒಂದು ಸುತ್ತಿಗೆ ಇಂಥದ್ದು ಎರಡೋ ಮೂರೋ, ಚಿಕ್ಕವು ಇನ್ನಷ್ಟು. ಇಪ್ಪತ್ತು ನಿಮಿಷ ಬಿಡದೇ ಇದೇ ಕೆಲಸ.

ರಸ್ತೆ ಮೇಲೆ ಈ ಪರಿಸ್ಥಿತಿ ಬರೋದೇ ಇಲ್ಲ. ಒಂದು ಸಲ ಜೋರಾಗಿ ಬ್ರೇಕ್ ಹಾಕ್ತೀರಿ, ಆಮೇಲೆ ಹತ್ತು ನಿಮಿಷ ಗಾಳಿಗೆ ತಣ್ಣಗಾಗುತ್ತೆ. ಹಾಗಾಗಿ ರಸ್ತೆ ಕಾರಿನ ಬ್ರೇಕು ಕೆಟ್ಟದ್ದು ಅಂತಲ್ಲ, ಅದನ್ನ ಬೇರೆ ಕೆಲಸಕ್ಕೆ ಮಾಡಿರೋದು ಅಷ್ಟೇ.

ಈ ಬಿಸಿಗೆ ಬ್ರೇಕು ಎರಡು ಥರ ಕೈ ಕೊಡುತ್ತೆ. ಎರಡರ ವ್ಯತ್ಯಾಸ ಗೊತ್ತಿರೋದು ಒಳ್ಳೇದು. ಒಂದು, ಪ್ಯಾಡ್ ತನ್ನ ಮಿತಿ ದಾಟಿ ಬಿಸಿಯಾಗಿ ಹಿಡಿತ ಕಳ್ಕೊಳ್ಳೋದು. ಪೆಡಲ್ ಗಟ್ಟಿಯಾಗೇ ಇರುತ್ತೆ, ಎಷ್ಟು ಒತ್ತಿದ್ರೂ ಕಾರು ಮಾತ್ರ ನಿಲ್ಲೋದಿಲ್ಲ. ಇನ್ನೊಂದು, ಬ್ರೇಕ್ ಆಯಿಲ್ಲೇ ಕುದಿಯೋದು. ದ್ರವವನ್ನ ಒತ್ತಿ ಕುಗ್ಗಿಸೋಕೆ ಆಗಲ್ಲ, ಅದಕ್ಕೇ ಕಾಲಿನ ಒತ್ತಡ ಚಕ್ರದ ತನಕ ಹೋಗೋದು. ಕುದ್ದು ಆವಿಯ ಗುಳ್ಳೆ ಬಂತು ಅಂದ್ರೆ ನೀವು ಒತ್ತೋದು ಆ ಗುಳ್ಳೆಯನ್ನ. ಪೆಡಲ್ ಸೀದಾ ತಳಕ್ಕೆ ಹೋಗುತ್ತೆ. ಮೊದಲನೆಯದಕ್ಕೆ ಸ್ವಲ್ಪ ಮುನ್ಸೂಚನೆ ಇರುತ್ತೆ, ಸುತ್ತಿನಿಂದ ಸುತ್ತಿಗೆ ಹಿಡಿತ ಕಡಿಮೆ ಆಗೋದು ಕಾಲಿಗೇ ತಿಳಿಯುತ್ತೆ. ಎರಡನೆಯದು ಹೇಳದೇ ಕೇಳದೇ ಬರಬಹುದು. ಹಿಂದಿನ ತಿರುವಿನಲ್ಲಿದ್ದ ಬ್ರೇಕು ಈ ತಿರುವಿನಲ್ಲಿ ಇಲ್ಲ!

ಬ್ರೇಕ್ ಆಯಿಲ್ ಡಬ್ಬದ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರ್ತಾರಲ್ಲ, ಅದರ ಅರ್ಥ ಇಲ್ಲಿದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ 4 ಆದ್ರೆ 230. ಆದ್ರೆ ಈ ಆಯಿಲ್ ಗಾಳಿಯ ತೇವ ಹೀರುತ್ತೆ. ಶೇಕಡಾ 3.7ರಷ್ಟು ನೀರು ಸೇರಿತು ಅಂದ್ರೆ ಆ ಕನಿಷ್ಠ ಮಿತಿ 140 ಮತ್ತು 155ಕ್ಕೆ ಇಳಿಯುತ್ತೆ. ಎರಡು ಮೂರು ವರ್ಷದಿಂದ ಮುಟ್ಟದೇ ಬಿಟ್ಟ ಆಯಿಲ್ ಹಾಕ್ಕೊಂಡು ಟ್ರ್ಯಾಕಿಗೆ ಇಳಿಯೋದು ಅಂದ್ರೆ ಈ ಕೆಳಗಿನ ಅಂಕಿಯನ್ನ ನಂಬ್ಕೊಂಡು ಹೋದ ಹಾಗೆ. ರೇಸಿಗೆ ಅಂತ ಮಾರೋ ಆಯಿಲ್‌ಗಳು ಹೊಸದಾಗಿದ್ದಾಗ 300 ಡಿಗ್ರಿ ದಾಟುತ್ವೆ. ಒಂದು ಡಬ್ಬ, ಒಂದು ಪ್ಲಾಸ್ಟಿಕ್ ನಳಿಗೆ, ಪೆಡಲ್ ಒತ್ತೋಕೆ ಒಬ್ಬ ಗೆಳೆಯ, ಒಂದು ಮಧ್ಯಾಹ್ನ. ಇಡೀ ಕಾರಿಗೆ ಮಾಡಬಹುದಾದ ಕೆಲಸಗಳಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಅಪಾಯ ತಪ್ಪಿಸೋದು ಇನ್ನೊಂದಿಲ್ಲ. ಒಂದು ಎಚ್ಚರಿಕೆ: ಡಾಟ್ 5 ಅಂತ ಇರೋದು ಸಿಲಿಕೋನಿನದು, ಉಳಿದವುಗಳ ಜೊತೆ ಬೆರೆಸೋ ಹಾಗಿಲ್ಲ. ಅಂಕಿ ದೊಡ್ಡದು ಅಂತ ಕೊಂಡು ತಂದು ಸುರೀಬೇಡಿ. ಡಾಟ್ 5.1 ಬೇರೆ, ಅದು 3 ಮತ್ತು 4ರ ಜಾತಿಯದೇ.

ಆಮೇಲೆ ಪ್ಯಾಡ್. ಇಲ್ಲಿ ಒಂದು ಕೊಡು-ಕೊಳ್ಳುವ ವ್ಯವಹಾರ ಇದೆ. ಟ್ರ್ಯಾಕಿನ ಬಿಸಿ ತಡೆಯೋ ಪ್ಯಾಡುಗಳು ತಣ್ಣಗಿದ್ದಾಗ ಅಷ್ಟು ಚೆನ್ನಾಗಿ ಕಚ್ಚೋದಿಲ್ಲ. ಕಿರ್ರ್ ಅಂತ ಕಿರುಚ್ತವೆ, ಚಕ್ರದ ತುಂಬಾ ಕಪ್ಪು ಪುಡಿ. ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್‌ನಲ್ಲಿ ನಿಲ್ಲಿಸೋಕೆ ಅವು ಸೂಕ್ತ ಅಲ್ಲ. ಅದಕ್ಕೇ ತಿಳಿದವರು ಎರಡು ಸೆಟ್ ಇಟ್ಕೊಂಡು ಟ್ರ್ಯಾಕಿಗೆ ಮುಂಚೆ ಒಂದು, ಆಮೇಲೆ ಒಂದು ಅಂತ ಬದಲಾಯಿಸ್ತಾರೆ. "ಒಂದೇ ಪ್ಯಾಡು ಎರಡಕ್ಕೂ" ಅಂತ ಡಬ್ಬದ ಮೇಲೆ ಬರೆದದ್ದನ್ನ ಪೂರ್ತಿ ನಂಬೋದು ಬೇಡ. ಎರಡರಲ್ಲೂ ಸುಮಾರಾಗಿ ನಡೆಯುತ್ತೆ ಅಂತ ಓದ್ಕೊಂಡ್ರೆ ಸರಿ.

"ಹಾಗಿದ್ರೆ ದೊಡ್ಡ ಬ್ರೇಕೇ ಹಾಕಿಸಿಬಿಟ್ರೆ?" ಅನ್ನೋರಿದ್ದಾರೆ. ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್ ನೋಡೋಕೆ ಚೆಂದ, ಒಪ್ಪಿದೆ :-) ಆದ್ರೆ ಕಾರನ್ನ ಕೊನೆಗೆ ನಿಲ್ಲಿಸೋದು ಟೈರು. ಈಗಿರೋ ಬ್ರೇಕೇ ಟೈರಿನ ಹಿಡಿತ ಮುಗಿದು ಎಬಿಎಸ್ ಬರೋ ತನಕ ಒತ್ತೋಕೆ ಸಮರ್ಥ ಅಂದ್ಮೇಲೆ ದೊಡ್ಡ ಬ್ರೇಕ್ ಹಾಕಿದ್ರೆ ನಿಲ್ಲೋ ದೂರ ಒಂದೇ ಸಲಕ್ಕೆ ಕಡಿಮೆ ಆಗಲ್ಲ. ಅದರಿಂದ ಸಿಗೋದು ಬಿಸಿ ತಡೆಯೋ ಸಾಮರ್ಥ್ಯ ಮಾತ್ರ. ಒಂದು ಟನ್ನಿನ ಮಿಯಾಟಾಗೆ ಒಳ್ಳೆ ಆಯಿಲ್, ಒಳ್ಳೆ ಪ್ಯಾಡ್ ಇದ್ರೆ ಬಹಳ ದಿನ ಅದರ ಅಗತ್ಯ ಬೀಳೋದಿಲ್ಲ.

ಟೈರಿನ ವಿಷಯಕ್ಕೆ ಬರೋಣ. ಹೊಸಬರು ಮೊದಲ ದಿನಕ್ಕೇ ಅಂಟು ಟೈರ್ ಹಾಕಿಸ್ಕೊಂಡು ಬರೋದು ನನಗೆ ಸರಿ ಕಾಣಲ್ಲ. ಸಾಧಾರಣ ಟೈರು ಮಿತಿ ಹತ್ತಿರ ಬಂದಾಗ ಕೀಚ್ ಅಂತ ಕೂಗುತ್ತೆ, ನಿಧಾನಕ್ಕೆ ಜಾರೋಕೆ ಶುರು ಮಾಡುತ್ತೆ. ಅದು ಪಾಠ ಹೇಳೋ ಮೇಷ್ಟ್ರು. ಅಂಟು ಟೈರು ನಿಮ್ಮ ತಪ್ಪುಗಳನ್ನೆಲ್ಲಾ ನುಂಗಿಕೊಂಡು ಸುಮ್ಮನಿರುತ್ತೆ, ನುಂಗೋಕಾಗದ ದಿನ ನಿಮ್ಮ ವೇಗ ಬಹಳ ಜಾಸ್ತಿ ಇರುತ್ತೆ. ಹಿಡಿತ ಜಾಸ್ತಿ ಆದ್ರೆ ಸುರಕ್ಷತೆ ಜಾಸ್ತಿ ಅನ್ನೋದು ಅರ್ಧ ಸತ್ಯ. ಹಿಡಿತ ಜಾಸ್ತಿ ಆದಷ್ಟೂ ಅದು ತಪ್ಪೋ ವೇಗವೂ ಜಾಸ್ತಿ. ಗೋಡೆ ಮಾತ್ರ ಇದ್ದಲ್ಲೇ ಇರುತ್ತೆ.

ಟೈರಿನಲ್ಲಿ ದುಡ್ಡಿಗಿಂತ ಗಮನ ಬೇಕು. ಮೊದಲು ವಯಸ್ಸು ನೋಡಿ. ಟೈರಿನ ಪಕ್ಕೆಯಲ್ಲಿ ಡಾಟ್ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಇನ್ನೂ ಆಳ ಇದೆ ಅಂತ ಹಳೇ ಗಟ್ಟಿ ರಬ್ಬರ್ ಮೇಲೆ ಭರವಸೆ ಇಡ್ಬೇಡಿ. ಆಮೇಲೆ ಗಾಳಿ. 20 ಡಿಗ್ರಿ ಇರುವಾಗ 29 ಪಿಎಸ್‌ಐ ಗಾಳಿ ತುಂಬಿದ ಟೈರು 60 ಡಿಗ್ರಿಗೆ ಏರಿತು ಅಂದ್ರೆ ಒಳಗಿನ ಒತ್ತಡ ಸುಮಾರು 35 ಆಗುತ್ತೆ. ಇದಕ್ಕೆ ಯಾವ ಜಾದೂನೂ ಬೇಡ, ಕಾಲೇಜಿನಲ್ಲಿ ಓದಿದ ಅನಿಲ ನಿಯಮ ಸಾಕು. ಹಾಗಾಗಿ ಪ್ರತಿ ಸರದಿ ಮುಗಿದ ತಕ್ಷಣ ಗೇಜ್ ಹಿಡಿದು ನೋಡ್ಬೇಕು, ಬಿಸಿಯಲ್ಲಿರುವಾಗ ಎಷ್ಟಿರಬೇಕೋ ಅಷ್ಟಕ್ಕೆ ಇಳಿಸ್ಬೇಕು. ಸಂಜೆ ಮನೆಗೆ ಹೊರಡೋ ಮುಂಚೆ ಮತ್ತೆ ತುಂಬಿಸ್ಬೇಕು, ಯಾಕಂದ್ರೆ ರಾತ್ರಿ ತಣ್ಣಗಾದ ಮೇಲೆ ಅದೇ ಟೈರು ಮೆತ್ತಗಾಗಿರುತ್ತೆ. ಇಪ್ಪತ್ತು ಡಾಲರಿನ ಒಂದು ಗೇಜು ಕೊಡೋ ಮಾಹಿತಿಯನ್ನ ಎರಡು ಸಾವಿರದ ಸಸ್ಪೆನ್ಷನ್ ಕೊಡೋದಿಲ್ಲ.

ಇದರ ಜೊತೆಗೆ ಅಲೈನ್ಮೆಂಟ್. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಟೈರಿನ ಹೊರ ಅಂಚಿನ ಮೇಲೇ ಭಾರ ಬೀಳುತ್ತೆ. ಚಕ್ರದ ಮೇಲ್ಭಾಗವನ್ನ ಸ್ವಲ್ಪ ಒಳಕ್ಕೆ ವಾಲಿಸಿಟ್ರೆ, ಅಂದ್ರೆ ನೆಗೆಟಿವ್ ಕ್ಯಾಂಬರ್ ಕೊಟ್ರೆ, ಆ ಹೊತ್ತಿಗೆ ಇಡೀ ಟೈರು ನೆಲಕ್ಕೆ ಸರಿಯಾಗಿ ಕೂರುತ್ತೆ. ಮಿಯಾಟಾದ ಒಂದು ದೊಡ್ಡ ಗುಣ ಏನಂದ್ರೆ ನಾಲ್ಕೂ ಚಕ್ರಕ್ಕೆ ಇದನ್ನ ಹೊಂದಿಸೋ ಬೋಲ್ಟು ಕಂಪನಿಯವರೇ ಕೊಟ್ಟಿರ್ತಾರೆ. ಹೊಸ ಸಾಮಾನು ಏನೂ ಬೇಡ, ಅಲೈನ್ಮೆಂಟ್ ಮಾಡೋರ ಹತ್ರ ಇಂತಿಷ್ಟೇ ಬೇಕು ಅಂತ ಹೇಳೋ ಧೈರ್ಯ ಇದ್ರೆ ಸಾಕು. ಟೋ ಮಾತ್ರ ಸೊನ್ನೆ ಹತ್ತಿರ ಇರಲಿ, ಇಲ್ಲಾಂದ್ರೆ ದಿನಾ ಆಫೀಸಿಗೆ ಓಡಾಡೋದ್ರಲ್ಲೇ ಟೈರು ಸವೆದು ಹೋಗುತ್ತೆ.

ಇಷ್ಟು ಹೊತ್ತು ಕಾರಿನ ಮಾತಾಯ್ತು. ಈಗ ಅದರೊಳಗೆ ಕೂತೋರ ಮಾತು. ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ.

ಸುರಕ್ಷತೆಯ ಸಾಮಾನನ್ನ ಒಂದೊಂದಾಗಿ, ಕಂತಿನಲ್ಲಿ ಕೊಂಡ್ಕೊಳ್ಳೋದು ಅಪಾಯ. ಎಷ್ಟೋ ಜನ ಮೊದಲು ಕೊಳ್ಳೋದು ಹಾರ್ನೆಸ್, ಅಂದ್ರೆ ಎರಡೂ ಭುಜದ ಮೇಲಿಂದ ಬಂದು ಸೀಟಿಗೆ ಬಿಗಿಯೋ ಪಟ್ಟಿ. ರೇಸ್ ಕಾರಿನಲ್ಲಿ ಇರುತ್ತೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಸೀಟಿನಲ್ಲಿ ಅಲ್ಲಾಡದ ಹಾಗೆ ಹಿಡಿಯುತ್ತೆ. ಸರಿ, ಆದ್ರೆ ಯೋಚನೆ ಮಾಡಿ. ಕಂಪನಿಯವರು ಕೊಟ್ಟ ಮೂರು ಬಿಂದುವಿನ ಬೆಲ್ಟು, ಏರ್‌ಬ್ಯಾಗು, ಸೀಟು, ಇವೆಲ್ಲಾ ಸೇರಿ ಒಂದು ವ್ಯವಸ್ಥೆ. ಡಿಕ್ಕಿ ಆದಾಗ ಮೈ ಸ್ವಲ್ಪ ಮುಂದಕ್ಕೆ ಬಾಗುತ್ತೆ, ತಲೆಯೂ ಜೊತೆಗೇ ಹೋಗುತ್ತೆ, ಏರ್‌ಬ್ಯಾಗು ಹಿಡ್ಕೊಳ್ಳುತ್ತೆ. ಹಾರ್ನೆಸ್ ಹಾಕಿ ಎದೆಯನ್ನ ಸೀಟಿಗೆ ಬಿಗಿದುಬಿಟ್ರೆ ಮುಂದಕ್ಕೆ ಹೋಗೋದು ತಲೆ ಒಂದೇ, ಅದರ ಮೇಲೆ ಹೆಲ್ಮೆಟ್ಟಿನ ಭಾರ ಬೇರೆ. ಅಷ್ಟೂ ಭಾರವನ್ನ ತಡೆಯೋದು ಕತ್ತು.

2001ರ ಫೆಬ್ರವರಿಯಲ್ಲಿ ಡೇಟೋನಾ 500 ರೇಸಿನ ಕೊನೇ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ತೀರಿಕೊಂಡರು. ಏಳು ಸಲ ಚಾಂಪಿಯನ್ ಆಗಿದ್ದವರು. ತಲೆಬುರುಡೆಯ ಬುಡದ ಮೂಳೆ ಮುರಿದಿತ್ತು. ತಲೆ ಹಾಗೆ ಮುಂದಕ್ಕೆ ಚಿಮ್ಮದಂತೆ ಹೆಲ್ಮೆಟ್ಟನ್ನ ಭುಜದ ಮೇಲಿನ ಕಾಲರಿಗೆ ಕಟ್ಟೋ ಹಾನ್ಸ್ ಅನ್ನೋ ಸಾಧನವನ್ನ ರಾಬರ್ಟ್ ಹಬ್ಬರ್ಡ್ ಮತ್ತು ಜಿಮ್ ಡೌನಿಂಗ್ 1980ರ ದಶಕದಲ್ಲೇ ಮಾಡಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ನಾಸ್ಕಾರ್ ಇಂಥ ಸಾಧನ ಕಡ್ಡಾಯ ಮಾಡಿತು, 2003ರಿಂದ ಫಾರ್ಮುಲಾ ಒನ್‌ನಲ್ಲೂ ಕಡ್ಡಾಯ ಆಯ್ತು. ಅಂದ್ರೆ ಪ್ರಪಂಚದ ದೊಡ್ಡ ರೇಸುಗಳೇ ಹಾರ್ನೆಸ್ ಒಂದೇ ಸಾಲದು ಅಂತ ಒಪ್ಪಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತು. ಶನಿವಾರದ ಟ್ರ್ಯಾಕ್ ಡೇಗೆ ಬರೋ ನಾವು ಬರೀ ಹಾರ್ನೆಸ್ ಹಾಕ್ಕೊಂಡು ಕೂರೋದು ಯಾವ ನ್ಯಾಯ?

ಮಿಯಾಟಾದಲ್ಲಿ ಇನ್ನೊಂದು ತೊಡಕಿದೆ. ಅದಕ್ಕೆ ಮಾಡು ಇಲ್ಲ. ರೋಲ್ ಬಾರ್ ಇಲ್ದೇ ಹಾರ್ನೆಸ್ ಹಾಕಿದ ಕಾರು ಪಲ್ಟಿ ಹೊಡೆದ್ರೆ ನೆಟ್ಟಗೆ ಕೂತಿರೋ ಮನುಷ್ಯನ ತಲೆಯೇ ಕಂಬ! ಅದಕ್ಕೆ ಇಲ್ಲಿ ಬಹಳಷ್ಟು ಆಯೋಜಕರು ಓಪನ್ ಕಾರಿಗೆ ರೋಲ್ ಬಾರ್ ಕೇಳ್ತಾರೆ. ಪರೀಕ್ಷೆಯೂ ಸರಳ. ರೋಲ್ ಬಾರಿನ ತುದಿಯಿಂದ ಮುಂದಿನ ಗಾಜಿನ ಮೇಲಂಚಿಗೆ ಒಂದು ಪೊರಕೆ ಕೋಲು ಇಡ್ತಾರೆ. ಡ್ರೈವರ್ ಹೆಲ್ಮೆಟ್ ಹಾಕಿ ಕೂತಾಗ ಅದು ಕೋಲಿಗಿಂತ ಕೆಳಗಿರಬೇಕು. ಎತ್ತರ ಇರೋರು ಇಲ್ಲೇ ಫೇಲು. ಅವರು ಸೀಟು ತಗ್ಗಿಸ್ಬೇಕು, ಇಲ್ಲಾ ಬೇರೆ ಕಾರು ನೋಡ್ಕೋಬೇಕು. ಆದ್ರೆ ರೋಲ್ ಬಾರ್ ಹಾಕಿದ ಅದೇ ಕಾರಲ್ಲಿ ಸೋಮವಾರ ಹೆಲ್ಮೆಟ್ ಇಲ್ದೇ ಆಫೀಸಿಗೆ ಹೋಗ್ತೀರಲ್ಲ, ಆಗ ಆ ಕಬ್ಬಿಣ ನಿಮ್ಮ ಬರಿ ತಲೆಯ ಹಿಂದೆ ಇರುತ್ತೆ. ಅದಕ್ಕೆ ಸರಿಯಾದ ಪ್ಯಾಡಿಂಗ್ ಬೇಕು, ಸೀಟು ಅದಕ್ಕೆ ತಾಗದ ಹಾಗಿರಬೇಕು. ನೋಡಿ, ಒಂದು ಹಾಕಿದ್ರೆ ಇನ್ನೊಂದು ಕೇಳುತ್ತೆ.

ನನ್ನ ಅಭಿಪ್ರಾಯ ಇಷ್ಟು: ಹಾರ್ನೆಸ್, ಅದಕ್ಕೆ ತಕ್ಕ ಸೀಟು, ರೋಲ್ ಬಾರ್, ಹಾನ್ಸ್, ನಾಲ್ಕೂ ಒಟ್ಟಿಗೆ ಬರಲಿ. ಅಷ್ಟು ಆಗದಿದ್ರೆ ಕಂಪನಿ ಬೆಲ್ಟೇ ಇರಲಿ, ಓಪನ್ ಕಾರಾದ್ರೆ ಅದರ ಜೊತೆಗೆ ರೋಲ್ ಬಾರ್. ಅರ್ಧ ಹಾಕ್ಕೊಂಡ ರೇಸ್ ಸಾಮಾನಿಗಿಂತ ಪೂರ್ತಿ ಇರೋ ರಸ್ತೆ ಸಾಮಾನು ಮೇಲು. ಹೆಲ್ಮೆಟ್ ಮಾತ್ರ ಮೊದಲ ದಿನದಿಂದಲೇ ಸರಿಯಾದದ್ದು ಬೇಕು. ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನದು ಕಾರಿಗೆ, ಎಂ ಗುರುತಿನದು ಬೈಕಿಗೆ. ಎಸ್‌ಎ ಹೆಲ್ಮೆಟ್ಟಿಗೆ ಬೆಂಕಿಯ ಪರೀಕ್ಷೆಯೂ ಇದೆ, ರೋಲ್ ಬಾರಿಗೆ ತಲೆ ಬಡಿಯೋ ಪರೀಕ್ಷೆಯೂ ಇದೆ.

ಸರಿ, ಈಗ ಹಾರ್ಸ್‌ಪವರ್. ಅದರ ಮೇಲೆ ನನಗೇನೂ ದ್ವೇಷ ಇಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಈ ಮಾತು ಬೇಗ ಅರ್ಥ ಆಗುತ್ತೆ. ಪ್ರೋಗ್ರಾಮ್ ನಿಧಾನ ಇದ್ರೆ ಮೊದಲು ಪ್ರೊಫೈಲರ್ ಹಚ್ಚಿ ಸಮಯ ಎಲ್ಲಿ ಹೋಗ್ತಿದೆ ನೋಡ್ತೀವಿ. ನೋಡದೇ ಕಣ್ಣಿಗೆ ಬಿದ್ದ ಫಂಕ್ಷನ್ನನ್ನ ಉಜ್ಜೋದಿಲ್ಲ. ಕಾರಿನ ಲೆಕ್ಕಾನೂ ಹಾಗೇ ಹಾಕಿ ನೋಡೋಣ.

1,200 ಕೆಜಿಯ ಕಾರು, ಚಕ್ರಕ್ಕೆ ಸಿಗೋ ಶಕ್ತಿ 100 ಕಿಲೋವ್ಯಾಟ್. ತಿರುವಿನಿಂದ 90 ಕಿಮೀ ವೇಗದಲ್ಲಿ ಹೊರಬಂದು 500 ಮೀಟರ್ ನೇರ ದಾರಿ ಓಡುತ್ತೆ. ಗಾಳಿಯ ತಡೆ, ಗೇರ್ ಬದಲಿಸೋ ಸಮಯ ಎಲ್ಲಾ ಬಿಟ್ಟು ಲೆಕ್ಕ ಹಾಕಿದ್ರೆ ಸುಮಾರು 12.5 ಸೆಕೆಂಡ್. ಈಗ ಶಕ್ತಿಯನ್ನ ಶೇಕಡಾ 10 ಹೆಚ್ಚಿಸಿ, 110 ಮಾಡಿ. 12.2 ಸೆಕೆಂಡ್. ಇನ್ನು ಶಕ್ತಿಯನ್ನ ಮುಟ್ಟದೇ, ತಿರುವಿನಿಂದ 90ರ ಬದಲು 96 ಕಿಮೀ ವೇಗದಲ್ಲಿ ಹೊರಗೆ ಬನ್ನಿ. ಅದೂ 12.2 ಸೆಕೆಂಡ್!

ಎರಡೂ ಒಂದೇ. ಮೊದಲನೆಯದಕ್ಕೆ ಇನ್‌ಟೇಕು, ಎಕ್ಸಾಸ್ಟು, ಟ್ಯೂನಿಂಗು ಅಂತ ದುಡ್ಡು ಸುರೀಬೇಕು. ಎರಡನೆಯದಕ್ಕೆ ಪಕ್ಕದಲ್ಲಿ ಕೂತೋರು "ಸ್ವಲ್ಪ ತಡವಾಗಿ ತಿರುಗಿಸು, ಸ್ಟಿಯರಿಂಗ್ ಬೇಗ ಬಿಚ್ಚು, ಆಮೇಲೆ ಆಕ್ಸಿಲರೇಟರ್" ಅಂತ ಹೇಳೋದನ್ನ ಕೇಳಿಸ್ಕೋಬೇಕು. ಹೊಸಬರಲ್ಲಿ ಈ ಆರು ಕಿಮೀ ಹೆಚ್ಚುಕಡಿಮೆ ಪ್ರತಿ ತಿರುವಿನಲ್ಲೂ ಸುಮ್ಮನೆ ಬಿದ್ದಿರುತ್ತೆ, ಹೆಕ್ಕೋರಿಲ್ಲ. ಲಗೂನಾ ಸೆಕಾ ಅನ್ನೋ ಟ್ರ್ಯಾಕನ್ನೇ ತಗೊಳ್ಳಿ. 3.6 ಕಿಮೀ ಸುತ್ತು, 11 ತಿರುವು. ಅದರಲ್ಲಿ ಕಾರ್ಕ್‌ಸ್ಕ್ರೂ ಅನ್ನೋ ಜಾಗದಲ್ಲಿ ನೆಲ ಸುಮಾರು 137 ಮೀಟರಿನೊಳಗೆ 18 ಮೀಟರ್ ಕೆಳಕ್ಕೆ ಬೀಳುತ್ತೆ, ಹತ್ತಿರ ಹತ್ತಿರ ಆರು ಮಹಡಿಯಷ್ಟು. ಬ್ರೇಕ್ ಹಾಕೋವಾಗ ಮುಂದಿನ ದಾರಿಯೇ ಕಾಣೋದಿಲ್ಲ. ಅಲ್ಲಿ ಹತ್ತು ಹಾರ್ಸ್‌ಪವರ್ ಏನು ಮಾಡುತ್ತೆ ಹೇಳಿ? ಅಲ್ಲಿ ಬೇಕಾದ್ದು ಕಾಲಿನ ಕೆಳಗೆ ನಂಬೋಕಾಗೋ ಪೆಡಲ್. ಇನ್ನು ಎಕ್ಸಾಸ್ಟ್ ಬದಲಾಯಿಸಿದವರಿಗೆ ಅಲ್ಲಿ ಸದ್ದಿನ ಮಿತಿಯೂ ಇದೆ. ಮೀಟರ್ ಇಟ್ಟು ಅಳೀತಾರೆ, ದಾಟಿದ್ರೆ ಬಾವುಟ ತೋರಿಸಿ ಹೊರಗೆ ಕರೀತಾರೆ :-)

ಶಕ್ತಿ ಹೆಚ್ಚಿಸಿದ್ರೆ ಅಲ್ಲಿಗೇ ಮುಗಿಯೋದೂ ಇಲ್ಲ. ನೇರ ದಾರಿಯ ಕೊನೆಯಲ್ಲಿ ವೇಗ ಜಾಸ್ತಿ, ಹಾಗಾಗಿ ಬ್ರೇಕಿಗೆ ಬಿಸಿ ಜಾಸ್ತಿ. ಎಂಜಿನ್ ಬಿಸಿ ಜಾಸ್ತಿ, ರೇಡಿಯೇಟರ್ ಸಾಲದು. ಆಯಿಲ್ ಕೂಲರ್ ಬೇಕು. ಕ್ಲಚ್ ಜಾರುತ್ತೆ. ಒಂದು ಲೈಬ್ರರಿ ಅಪ್‌ಗ್ರೇಡ್ ಮಾಡೋಕೆ ಹೋಗಿ ಇಪ್ಪತ್ತು ಡಿಪೆಂಡೆನ್ಸಿ ಮುರಿದ ಹಾಗೆ. ಕೊನೆಗೆ ಕಾರು ಟ್ರ್ಯಾಕಿನಲ್ಲಿ ಓಡೋದಕ್ಕಿಂತ ಗ್ಯಾರೇಜಿನಲ್ಲಿ ಜಾಕಿ ಮೇಲೆ ನಿಂತಿರೋದೇ ಹೆಚ್ಚು. ಆ ದುಡ್ಡಿಗೆ ಎಷ್ಟು ಟ್ರ್ಯಾಕ್ ಡೇ ಆಗ್ತಿತ್ತು ಅಂತ ಯಾರೂ ಲೆಕ್ಕ ಹಾಕೋದಿಲ್ಲ.

ಇದಕ್ಕೆ ಒಂದು ಪ್ರತಿವಾದ ಇದೆ, ಅದನ್ನ ಹೇಳದೇ ಇರೋದು ಸರಿಯಲ್ಲ. "ನನಗೆ ಲ್ಯಾಪ್ ಟೈಮ್ ಬೇಡಪ್ಪಾ, ಕಾರನ್ನ ಬಿಚ್ಚಿ ಜೋಡಿಸೋದೇ ನನ್ನ ಖುಷಿ" ಅಂತಾರೆ ಕೆಲವರು. ಅದು ನ್ಯಾಯವಾದ ಮಾತು. ಭಾನುವಾರ ಕೈ ಮಸಿ ಮಾಡ್ಕೊಂಡು ಟರ್ಬೋ ಕೂರಿಸೋ ಸುಖ ಬೇರೆಯೇ, ಅದಕ್ಕೆ ಲೆಕ್ಕಾಚಾರ ಹಾಕೋಕೆ ನಾನ್ಯಾರು? ನಾನು ಕೇಳೋದು ಇಷ್ಟೇ, ಅದನ್ನ "ಟ್ರ್ಯಾಕಿಗೆ ಸಿದ್ಧತೆ" ಅಂತ ಕರೀಬೇಡಿ. ನಿಮ್ಮ ಮಾತು ಕೇಳಿ ಹೊಸಬನೊಬ್ಬ ಟರ್ಬೋ ಹಾಕಿಸಿ, ಹಳೇ ಬ್ರೇಕ್ ಆಯಿಲ್ಲಿನಲ್ಲೇ ಬಂದು ನಿಲ್ತಾನೆ. ಇನ್ನು ಕೆಲವರು ಹೇಳ್ತಾರೆ, ರಾಜಿ ಯಾಕೆ, ಬೇರೆ ರೇಸ್ ಕಾರೇ ಇಟ್ಕೊಂಡು ಟ್ರೈಲರಿನಲ್ಲಿ ಎಳ್ಕೊಂಡು ಹೋಗು ಅಂತ. ಜಾಗ, ದುಡ್ಡು ಇದ್ದೋರಿಗೆ ಅದು ಸರಿಯಾದ ದಾರಿಯೇ. ಆದ್ರೆ ಅಪಾರ್ಟ್‌ಮೆಂಟಿನಲ್ಲಿ ಒಂದೇ ಪಾರ್ಕಿಂಗ್ ಇರೋ ನಮ್ಮಂಥವರಿಗೆ ಅದು ಮಾತಿಗೆ ಮಾತ್ರ.

ಬೆಂಗಳೂರಿನಲ್ಲಿರೋ ಗೆಳೆಯರು "ಇದೆಲ್ಲಾ ಅಮೆರಿಕದ ಕಥೆ" ಅಂತ ಓದೋದು ನಿಲ್ಲಿಸ್ಬೇಡಿ. ಮಿಯಾಟಾ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ, ನಿಜ. ಆದ್ರೆ ನಿಮ್ಮ ಹ್ಯಾಚ್‌ಬ್ಯಾಕ್ ತೂಗೋದೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿಂದ ಚೆನ್ನೈ ಹೈವೇ ಹಿಡಿದ್ರೆ ಸುಮಾರು ಮುನ್ನೂರು ಕಿಲೋಮೀಟರಿಗೆ ಶ್ರೀಪೆರಂಬದೂರು, ಅಲ್ಲೇ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ 1990ರಿಂದ ನಡೀತಿರೋ 3.7 ಕಿಮೀ ಟ್ರ್ಯಾಕ್. ಕೊಯಮತ್ತೂರಿನಲ್ಲಿ ಕಾರಿ ಸ್ಪೀಡ್‌ವೇ ಇದೆ, 2.1 ಕಿಮೀ. ಮೂರು ಲೀಟರ್ ನೀರಿನ ಲೆಕ್ಕ ಅಲ್ಲಿಗೂ ಅನ್ವಯಿಸುತ್ತೆ, ಜೊತೆಗೆ ಮದ್ರಾಸಿನ ಬಿಸಿಲು, ಕಡಲ ಪಕ್ಕದ ತೇವ ಬೇರೆ. ಅದೇ ಕಾರಲ್ಲಿ ಹೋಗಿ ಅದೇ ಕಾರಲ್ಲಿ ಮುನ್ನೂರು ಕಿಮೀ ವಾಪಸ್ ಬರ್ಬೇಕು ಅನ್ನೋರಿಗೆ ದಣಿಯದ ಕಾರು ಇನ್ನೂ ಮುಖ್ಯ.

ಅಲ್ಲಿ ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ, ನೋಂದಣಿಯಲ್ಲಿರೋ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂಜಿನ್ ಬದಲಾಯಿಸೋದು, ಆಕಾರ ಬದಲಾಯಿಸೋದು ಸೀದಾ ತೊಂದರೆಗೆ ದಾರಿ. ಆಯಿಲ್ ಬದಲಾಯಿಸೋದು, ಪ್ಯಾಡ್ ಬದಲಾಯಿಸೋದು, ಗಾಳಿ ಸರಿಯಾಗಿ ಇಡೋದು ಮಾಮೂಲಿ ಸರ್ವಿಸ್ ಕೆಲಸ. ಇನ್ನು ವಿಮೆ. ಭಾರತದ ವಾಹನ ವಿಮಾ ಪಾಲಿಸಿಗಳಲ್ಲಿ ರೇಸ್, ಸ್ಪೀಡ್ ಟೆಸ್ಟ್ ಇವನ್ನೆಲ್ಲಾ ಹೊರಗಿಟ್ಟಿರ್ತಾರೆ. ಅಮೆರಿಕದಲ್ಲೂ ಮಾಮೂಲಿ ಪಾಲಿಸಿಗಳು ಬಹಳಷ್ಟು ಟ್ರ್ಯಾಕನ್ನ ಹೊರಗಿಡ್ತವೆ, ಒಂದೊಂದು ದಿನಕ್ಕೆ ಅಂತ ಬೇರೆ ವಿಮೆ ಸಿಗುತ್ತೆ. ಪಾಲಿಸಿಯ ಸಣ್ಣ ಅಕ್ಷರವನ್ನ ಹೋಗೋ ಮುಂಚೆ ಓದಿ. ಗೋಡೆಗೆ ಗುದ್ದಿದ್ರೆ ಕಳ್ಕೊಳ್ಳೋಕೆ ಸಿದ್ಧ ಇಲ್ಲದ ಕಾರನ್ನ ಟ್ರ್ಯಾಕಿಗೆ ತಗೊಂಡು ಹೋಗ್ಬೇಡಿ. ಕಂತು ಇನ್ನೂ ಮುಗಿದಿಲ್ಲ ಅಂದ್ರಂತೂ ಎರಡು ಸಲ ಯೋಚಿಸಿ.

ಹಾಗಾದ್ರೆ ಮೊದಲ ವರ್ಷಕ್ಕೆ ನನ್ನ ಪಟ್ಟಿ: ಹೊಸ ಬ್ರೇಕ್ ಆಯಿಲ್, ಬಿಸಿ ತಡೆಯೋ ಪ್ಯಾಡ್, ಹೊಸದಾದ ಆದ್ರೆ ಸಾಧಾರಣ ಟೈರ್, ಅಲೈನ್ಮೆಂಟ್, ಗಾಳಿಯ ಗೇಜ್, ಚಕ್ರದ ನಟ್ ಬಿಗಿಯೋಕೆ ಟಾರ್ಕ್ ರೆಂಚ್, ಎಸ್‌ಎ ಹೆಲ್ಮೆಟ್, ಓಪನ್ ಕಾರಿಗೆ ರೋಲ್ ಬಾರ್. ಪ್ರತಿ ಸರದಿ ಆದ್ಮೇಲೆ ಬಾನೆಟ್ ಎತ್ತಿ ಎಂಜಿನ್ ಆಯಿಲ್ ಮಟ್ಟ ನೋಡೋದು. ಕೊನೇ ಸುತ್ತು ಬ್ರೇಕ್ ಮುಟ್ಟದೇ ನಿಧಾನಕ್ಕೆ ಓಡಿಸಿ ತಣ್ಣಗೆ ಮಾಡೋದು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೀದೇ ಗೇರಿನಲ್ಲಿ ಬಿಡೋದು, ಯಾಕಂದ್ರೆ ಕಾದ ಪ್ಯಾಡು ಕಾದ ಡಿಸ್ಕನ್ನ ಹಾಗೇ ಕಚ್ಚಿ ಹಿಡಿದು ಕೂತ್ರೆ ಇಬ್ಬರಿಗೂ ಒಳ್ಳೇದಲ್ಲ. ಉಳಿದ ದುಡ್ಡೆಲ್ಲಾ ಇನ್ನಷ್ಟು ಟ್ರ್ಯಾಕ್ ಡೇಗೆ, ಪಕ್ಕದಲ್ಲಿ ಕೂತು ಹೇಳಿಕೊಡೋರಿಗೆ.

ಎರಡನೇ ವರ್ಷವೂ ಹಾರ್ಸ್‌ಪವರ್ ಬೇಕು ಅನ್ನಿಸಿದ್ರೆ ಆಗ ಹಾಕಿಸಿ, ನಾನು ಅಡ್ಡ ಬರಲ್ಲ. ಅಷ್ಟು ಹೊತ್ತಿಗೆ ಅದು ಯಾತಕ್ಕೆ ಬೇಕು, ಎಲ್ಲಿ ಬೇಕು ಅಂತ ನಿಮಗೇ ಗೊತ್ತಾಗಿರುತ್ತೆ. ಬಹುಶಃ ಬೇಡ ಅಂತಲೂ ಗೊತ್ತಾಗಿರುತ್ತೆ...

ನೀವೇನಂತೀರಿ?